ಪಾಠ ಯೋಜನೆ ಬರೆಯುತ್ತೇನೆ, ಆದರೂ ಪಾಠ ಮುಗಿಯೋದಿಲ್ಲ. ಏನು ಮಾಡಲಿ?

ಪ್ರಶ್ನೆ: ಕಾಪು ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಈ ವರ್ಷ ಅತಿಥಿ ಶಿಕ್ಷಕಿಯಾಗಿ ಸೇರಿದ್ದೇನೆ. 4 ಮತ್ತು 5ನೇ ತರಗತಿಯವರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಗಣಿತ ಮತ್ತು ಪರಿಸರ ಅಧ್ಯಯನ ನನ್ನದು. ರಾತ್ರಿ ಕೂತು ಪಾಠ ಯೋಜನೆ ಬರೆಯುತ್ತೇನೆ, ಮರುದಿನ ಅರ್ಧವೂ ಆಗೋದಿಲ್ಲ. ಜುಲೈಯಲ್ಲಿ ಮಳೆಗೆ ರಜೆ ಮೇಲೆ ರಜೆ ಬಂದು ವಾರ್ಷಿಕ ಹಂಚಿಕೆ ಪೂರ್ತಿ ತಪ್ಪಿತು. ಅನುಭವ ಇರುವ ಶಿಕ್ಷಕರು ಇದನ್ನೆಲ್ಲ ಹೇಗೆ ಯೋಜನೆ ಮಾಡುತ್ತಾರೆ? ವಾಟ್ಸಾಪ್‌ನಲ್ಲಿ ಬರುವ ಪಿಡಿಎಫ್ ಯೋಜನೆ ಬಳಸಿದರೆ ತಪ್ಪಾ?

ಉತ್ತರ: ಟೀಚರೇ, ನಿಮ್ಮ ಪತ್ರದಲ್ಲಿ ಮೂರು ವಿಷಯಗಳಿವೆ. ವರ್ಷದ ಯೋಜನೆ, ಒಂದು ಪಾಠದ ಯೋಜನೆ, ಮತ್ತು ಕಡತ, ಅಂದರೆ ಯೋಜನೆ ಬರೆದಿಡುವ ಪುಸ್ತಕ. ಕಡತದ ವಿಷಯ ಸುಲಭ, ಅದನ್ನು ಕೊನೆಗೆ ಇಟ್ಟುಕೊಳ್ಳೋಣ.

ಮೊದಲು ಒಂದು ಮಾತು. ಪಾಠ ಯೋಜನೆಯ ನಮೂನೆ ನಿಮಗೆ ಬಾಯಿಪಾಠ ಆಗಿರುತ್ತದೆ. ಕಲಿಕಾಂಶ, ಕಲಿಕಾ ಫಲ, ಚಟುವಟಿಕೆ, ಸಾಮಗ್ರಿ, ಕೊನೆಗೆ ಮೌಲ್ಯಮಾಪನ. ಹೆಚ್ಚಿನವರು ಇದನ್ನು ಮೇಲಿಂದ ಕೆಳಗೆ ತುಂಬುತ್ತಾ ಹೋಗುತ್ತಾರೆ. ಕೊನೆಯ ಅಂಕಣಕ್ಕೆ ಬರುವಾಗ ಕೈ ಸೋತಿರುತ್ತದೆ. ಅಲ್ಲಿ 'ಪ್ರಶ್ನೋತ್ತರ, ಮೌಖಿಕ' ಅಂತ ಬರೆದು ಪುಸ್ತಕ ಮುಚ್ಚುತ್ತಾರೆ. ತರಬೇತಿಗಳಲ್ಲಿ ಎಷ್ಟೋ ಪುಸ್ತಕ ತಿರುವಿ ನೋಡಿದ್ದೇನೆ, ಆ ಎರಡು ಪದ ಇಲ್ಲದ ಪುಟ ಸಿಕ್ಕಿದ್ದು ಕಡಿಮೆ. ನನ್ನ ಸಲಹೆ ಏನೆಂದರೆ ಆ ಕೊನೆಯ ಅಂಕಣವನ್ನೇ ಮೊದಲು ತುಂಬಿ. ಪಿರಿಯಡ್ ಮುಗಿಯುವಾಗ ಮಕ್ಕಳು ನೋಟ್‌ಬುಕ್ಕಿನಲ್ಲಿ ಏನು ಬರೆದು ತೋರಿಸಬೇಕು? ಅದನ್ನು ಮೊದಲು ಬರೆಯಿರಿ. ಆಮೇಲೆ, ಅಲ್ಲಿಗೆ ತಲುಪಲು ಮಕ್ಕಳು ಏನು ಮಾಡಬೇಕು. ಎಲ್ಲಕ್ಕಿಂತ ಕೊನೆಗೆ, ನೀವು ಏನು ಹೇಳಬೇಕು. ನೀವು ಹೇಳುವ ಭಾಗವೇ ಮೊದಲು ಬಂದರೆ ಅದು ಬೆಳೆದು 40 ನಿಮಿಷವನ್ನೂ ತಿಂದುಬಿಡುತ್ತದೆ. ಅರ್ಧವೂ ಮುಗಿಯೋದಿಲ್ಲ ಅಂದಿರಲ್ಲ, ಮುಖ್ಯ ಕಾರಣ ಇದೇ ಇರಬೇಕು.

ನಮ್ಮ ಹಿರಿಯ ಶಿಕ್ಷಕರು ಟಿಸಿಎಚ್ ಅನ್ನುವ ಶಿಕ್ಷಕ ತರಬೇತಿಯಲ್ಲಿ ಕಲಿತ ಪೀಠಿಕೆ, ನಿರೂಪಣೆ, ಅನ್ವಯ ಅನ್ನುವ ಹಂತಗಳು ಜರ್ಮನಿಯ ಶಿಕ್ಷಣ ಚಿಂತಕ ಹರ್ಬಾರ್ಟ್‌ನ ಅನುಯಾಯಿಗಳಿಂದ 19ನೇ ಶತಮಾನದಲ್ಲಿ ಬಂದವು. ಈಗ ಬರೆಯಲು ಹೇಳುವ 5ಇ ಮಾದರಿ, ಅಂದರೆ ತೊಡಗಿಸಿಕೊಳ್ಳುವಿಕೆ, ಪರಿಶೋಧನೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ, ಅಮೆರಿಕದಲ್ಲಿ 1980ರ ದಶಕದಲ್ಲಿ ವಿಜ್ಞಾನ ಪಾಠಕ್ಕೆಂದು ರೂಪುಗೊಂಡದ್ದು. ಎರಡೂ ತರಗತಿಯಲ್ಲಿ ಪಾಠ ನಡೆಸುವ ಕ್ರಮ. ಹಿಂದಿನ ರಾತ್ರಿ ನೀವು ಯೋಚಿಸುವುದೂ ಅದೇ ಕ್ರಮದಲ್ಲಿ ಇರಬೇಕು ಅಂತೇನಿಲ್ಲ.

ಈಗ ವರ್ಷದ ವಿಷಯ. ವಾರ್ಷಿಕ ಪಾಠ ಹಂಚಿಕೆ ಮಾಡುವಾಗ ಪುಸ್ತಕದ ಪಾಠಗಳನ್ನು ತಿಂಗಳುಗಳಿಗೆ ಸಮನಾಗಿ ಹಂಚುವುದು ರೂಢಿ. ಹಾಗೆ ಮಾಡಬೇಡಿ, ಮೊದಲು ದಿನ ಎಣಿಸಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ ಮತ್ತು 800 ಬೋಧನಾ ಗಂಟೆ ಇರಬೇಕು. 6ರಿಂದ 8ಕ್ಕೆ 220 ದಿನ, 1,000 ಗಂಟೆ. ದಿನಕ್ಕೊಂದು ಗಣಿತ ಪಿರಿಯಡ್ ಅಂದುಕೊಂಡರೆ ನಿಮ್ಮ ಕೈಯಲ್ಲಿ 200 ಪಿರಿಯಡ್ ಇದ್ದಂತೆ ಕಾಣುತ್ತದೆ. ಈಗ ಕಳೆಯುತ್ತಾ ಬನ್ನಿ. ಸೇತುಬಂಧಕ್ಕೆ, ಅಂದರೆ ವರ್ಷದ ಆರಂಭದಲ್ಲಿ ಹಿಂದಿನ ತರಗತಿಯ ಪಾಠ ಗಟ್ಟಿ ಮಾಡುವುದಕ್ಕೆ, 15. ನಾಲ್ಕು ರೂಪಣಾತ್ಮಕ (ಕಲಿಕೆಯ ನಡುವೆ ಮಾಡುವ), ಎರಡು ಸಂಕಲನಾತ್ಮಕ (ಅವಧಿಯ ಕೊನೆಗೆ ಮಾಡುವ) ಪರೀಕ್ಷೆ, ಅವುಗಳ ಮುಂಚಿನ ಪುನರಾವರ್ತನೆ ಎಲ್ಲ ಸೇರಿ 25. ಪ್ರತಿಭಾ ಕಾರಂಜಿ, ಕ್ರೀಡಾಕೂಟ, ಆಗಸ್ಟ್ 15ರ ತಯಾರಿ, ವಾರ್ಷಿಕೋತ್ಸವದ ಡ್ಯಾನ್ಸ್ ಪ್ರಾಕ್ಟೀಸ್‌ಗೆ 15. ನಿಮ್ಮ ತರಬೇತಿ, ರಜೆ, ಬೇರೆ ಶಿಕ್ಷಕರು ಬಾರದ ದಿನ ಅವರ ತರಗತಿಯನ್ನೂ ನೋಡಿಕೊಳ್ಳುವುದು, ಇದಕ್ಕೆಲ್ಲ 10. ಉಳಿದದ್ದು 135. ಇದು ನನ್ನ ಅಂದಾಜು. ನಿಮ್ಮ ಶಾಲೆಯಲ್ಲಿ ಐದೋ ಹತ್ತೋ ಆಚೀಚೆ ಆಗಬಹುದು.

ಈ 135ರಲ್ಲೂ 15 ಪಿರಿಯಡ್ ಯಾವ ಪಾಠಕ್ಕೂ ಕೊಡದೆ ಖಾಲಿ ಇಡಿ. ನಮ್ಮ ಕರಾವಳಿಯಲ್ಲಿ ಇದು ಬೇಕೇ ಬೇಕು. ಇಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುತ್ತದೆ, ಜುಲೈಯಲ್ಲಿ ಎಲ್ಲಕ್ಕಿಂತ ಜಾಸ್ತಿ. ರೆಡ್ ಅಲರ್ಟ್ ಬಂದ ಕೂಡಲೇ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ. ಆಮೇಲೆ ಶನಿವಾರ ಮಧ್ಯಾಹ್ನ ತರಗತಿ ಮಾಡಿ ಸರಿದೂಗಿಸಿ ಅನ್ನುತ್ತಾರೆ. ದಿನದ ಲೆಕ್ಕ ಸರಿಹೋಗುತ್ತದೆ, ನಿಜ. ಆದರೆ ಶನಿವಾರ ಮಧ್ಯಾಹ್ನದ ಪಿರಿಯಡ್‌ನಲ್ಲಿ ಹೊಸ ಪಾಠ ತಲೆಗೆ ಹತ್ತೋದಿಲ್ಲ. ಅಭ್ಯಾಸ, ಆಟ, ಹಿಂದುಳಿದವರ ಜೊತೆ ಕೂರುವುದು, ಆ ಹೊತ್ತಿಗೆ ಇಂಥವೇ ಸರಿ.

ಉಳಿದ 120 ಪಿರಿಯಡ್‌ಗಳನ್ನು ಹಂಚುವಾಗ ಎಲ್ಲ ಪಾಠಕ್ಕೂ ಒಂದೇ ತೂಕ ಕೊಡಬೇಡಿ. ಮುಂದಿನ ತರಗತಿಯ ಎಷ್ಟು ಪಾಠಗಳು ಈ ಪಾಠವನ್ನು ನಂಬಿಕೊಂಡಿವೆ ಅಂತ ಕೇಳಿಕೊಳ್ಳಿ. ಸ್ಥಾನಬೆಲೆ, ಭಾಗಾಕಾರ, ಭಿನ್ನರಾಶಿ, ಈ ಮೂರಕ್ಕೆ ಧಾರಾಳವಾಗಿ ಕೊಡಿ. ಇವುಗಳಲ್ಲಿ ಎಡವಿದ ಮಗು 7ನೇ ತರಗತಿಗೆ ಹೋದರೂ ಎಡವುತ್ತಲೇ ಇರುತ್ತದೆ. ವಿನ್ಯಾಸ, ಅಂಕಿ-ಅಂಶಗಳಂಥ ಪಾಠ ಮೂರು ನಾಲ್ಕು ಪಿರಿಯಡ್‌ನಲ್ಲಿ ಚೆನ್ನಾಗಿಯೇ ಆಗುತ್ತದೆ. 'ಎಲ್ಲ ಪಾಠವೂ ಮುಖ್ಯ' ಅಂತ ಸಭೆಯಲ್ಲಿ ಹೇಳಬಹುದು, ಹಂಚಿಕೆಯ ಹಾಳೆಯಲ್ಲಿ ಹಾಗೆ ಹೇಳಿದರೆ ಆಗೋದಿಲ್ಲ.

ಯಾವ ತಿಂಗಳಿಗೆ ಯಾವ ಪಾಠ ಅನ್ನುವುದಕ್ಕೂ ಊರನ್ನು ನೋಡಬೇಕು. ಜೂನ್‌ನಿಂದ ಶುರು ಮಾಡೋಣ. ನಿಮ್ಮ 4ನೇ ತರಗತಿಯ ಮಕ್ಕಳು ಮೂರು ವರ್ಷ ನಲಿ-ಕಲಿಯಲ್ಲಿದ್ದವರು. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. ಅಲ್ಲಿ ಮಕ್ಕಳು ಗುಂಪಾಗಿ ಕೂತು, ಕಲಿಕಾ ಏಣಿ (ಕಲಿಕೆಯ ಮೆಟ್ಟಿಲುಗಳ ಪಟ) ನೋಡಿ, ತಮ್ಮ ಕಾರ್ಡ್ ತಾವೇ ತೆಗೆದುಕೊಂಡು, ತಮ್ಮ ವೇಗದಲ್ಲಿ ಕಲಿಯುತ್ತಾರೆ. 4ನೇ ತರಗತಿಗೆ ಬಂದ ಕೂಡಲೇ ಸಾಲು ಬೆಂಚು, ಗಂಟೆ ಹೊಡೆದರೆ ಬದಲಾಗುವ ಪಿರಿಯಡ್, ಎಲ್ಲರಿಗೂ ಒಂದೇ ಪುಟ. ಸೇತುಬಂಧದ ಪೂರ್ವ ಪರೀಕ್ಷೆಯಲ್ಲಿ ಇವರು ತಪ್ಪು ಮಾಡುವುದರಲ್ಲಿ ಒಂದು ಪಾಲು ಗಣಿತ ಬಾರದೆ ಅಲ್ಲ, ಹೊಸ ಕ್ರಮ ಗೊತ್ತಿಲ್ಲದೆ. ಜೂನ್‌ನಲ್ಲಿ ಗುಂಪಿನ ಕೆಲಸ ಹಾಗೇ ಇರಲಿ. ಪುಸ್ತಕ ನೋಡಿ ತಾನೇ ಓದಿ ಮಾಡುವುದನ್ನು ನಿಧಾನಕ್ಕೆ ಕಲಿಸಿ. ಹಾಗೆ ನೋಡಿದರೆ ನಿಮ್ಮದು ಒಟ್ಟಿಗೆ ಕೂರುವ ಎರಡು ತರಗತಿ. ಶಿಕ್ಷಕಿ ಪಕ್ಕದಲ್ಲಿ ಇಲ್ಲದಿದ್ದರೂ ಕೆಲಸ ಮಾಡುವ ಮಕ್ಕಳು ನಿಮಗೆ ವರವೇ, ಅಲ್ವಾ?

ಜುಲೈಯಲ್ಲಿ ಮಾತಿನ ಪಾಠ ಇಡಬೇಡಿ. ತಗಡಿನ ಶೀಟಿನ ಮೇಲೆ ಮಳೆ ಸುರಿಯುವಾಗ ಎರಡನೇ ಬೆಂಚಿಗೂ ನಿಮ್ಮ ಮಾತು ಕೇಳೋದಿಲ್ಲ. ಕಿರುಚಿ ಗಂಟಲು ಕೆಡಿಸಿಕೊಳ್ಳುವುದಷ್ಟೇ. ಆ ತಿಂಗಳಿಗೆ ಕಣ್ಣು ಮತ್ತು ಕೈಯ ಕೆಲಸ ಇಡಿ. ರೇಖಾಗಣಿತದ ಆಕೃತಿಗಳು, ಕಾಗದ ಮಡಿಸುವುದು, ಅಳತೆ, ನಕ್ಷೆ ಬಿಡಿಸುವುದು, ಜೋಡಿಯಲ್ಲಿ ಲೆಕ್ಕ ಮಾಡುವುದು. ಪರಿಸರ ಅಧ್ಯಯನದಲ್ಲಿ ನೀರಿನ ಪಾಠ ಪುಸ್ತಕದಲ್ಲಿ ಎಲ್ಲೇ ಇರಲಿ, ಜುಲೈಗೆ ಎಳೆದುಕೊಳ್ಳಿ. ಮನೆಯ ಬಾವಿಯ ನೀರು ಎಷ್ಟು ಮೇಲೆ ಬಂದಿದೆ ಅಂತ ಪ್ರತಿ ಸೋಮವಾರ ದೊಡ್ಡವರನ್ನು ಕೇಳಿ ಮಕ್ಕಳು ಬರೆದುಕೊಳ್ಳಲಿ. ಫೆಬ್ರವರಿ ಮಾರ್ಚ್‌ನಲ್ಲಿ ಇನ್ನೊಮ್ಮೆ ಬರೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಂಕಿ-ಅಂಶದ ಪಾಠಕ್ಕೆ ಸಾಮಗ್ರಿ ಮನೆಯಿಂದಲೇ ಬಂತು. ಪಾಠದ ಕ್ರಮ ಹೀಗೆ ಬದಲಿಸಬಹುದಾ ಅಂತ ಹೆದರಬೇಡಿ. ಮುಖ್ಯ ಶಿಕ್ಷಕರಿಗೆ ತಿಳಿಸಿ, ಹಂಚಿಕೆಯಲ್ಲಿ ಕಾರಣ ಬರೆದಿಡಿ. ಒಂದು ವಿಷಯ ಮಾತ್ರ ನೋಡಿಕೊಳ್ಳಿ, ರೂಪಣಾತ್ಮಕ ಪರೀಕ್ಷೆಗೆ ಯಾವ ಪಾಠ ಅಂತ ಕ್ಲಸ್ಟರ್‌ನಲ್ಲಿ (ಸುತ್ತಲಿನ ಶಾಲೆಗಳ ಗುಂಪಿನಲ್ಲಿ) ತೀರ್ಮಾನ ಆಗಿದ್ದರೆ ಅದಕ್ಕೆ ಅಡ್ಡ ಬರಬಾರದು.

ಇನ್ನೊಂದು ವಿಷಯ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಕಾಪು, ಮಲ್ಪೆ ಕಡೆಯ ಎಷ್ಟೋ ಮಕ್ಕಳ ಅಪ್ಪ, ಮಾವ ಆಗ ಮನೆಯಲ್ಲೇ ಇರುತ್ತಾರೆ. ಬಲೆ ಸರಿಮಾಡುವ ಕೆಲಸವೂ ಆಗಲೇ. ಉದ್ಯೋಗಗಳ ಬಗ್ಗೆ ಪಾಠ ಇದ್ದರೆ ಅದೇ ಹೊತ್ತಿಗೆ ಇಟ್ಟು ಒಬ್ಬರನ್ನು ತರಗತಿಗೆ ಕರೆಯಿರಿ. ಬಲೆಯ ಕಣ್ಣು ಯಾಕೆ ಬೇರೆ ಬೇರೆ ಗಾತ್ರ, ಮರಿ ಮೀನು ಯಾಕೆ ಬಿಡಬೇಕು ಅಂತ ಅವರು ತುಳುವಿನಲ್ಲೇ ಹೇಳಲಿ. ಮಕ್ಕಳು ಕನ್ನಡದಲ್ಲಿ ಬರೆಯಲಿ. ಸೆಪ್ಟೆಂಬರ್‌ನಲ್ಲಿ ಕರೆದರೆ ಅವರು ಕಡಲಲ್ಲಿ ಇರುತ್ತಾರೆ.

ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಷ್ಟಮಿ, ಚೌತಿ, ಕ್ರೈಸ್ತರ ಮೊಂತಿ ಹಬ್ಬ ಎಲ್ಲ ಬರುತ್ತವೆ. ರಜೆಯ ಹಿಂದಿನ ದಿನ, ಮರುದಿನ ಹಾಜರಿ ಕಡಿಮೆ. ದೀಪಾವಳಿ ಕಳೆದ ಮೇಲೆ ರಾತ್ರಿ ನಡೆಯುವ ಭೂತದ ಕೋಲ, ನೇಮ, ಯಕ್ಷಗಾನ ಮೇಳದ ಆಟ ಶುರು. ಊರಲ್ಲಿ ನೇಮ ಇದ್ದ ಮರುದಿನ ಮೊದಲ ಪಿರಿಯಡ್‌ನಲ್ಲಿ ಅರ್ಧ ಮಕ್ಕಳು ತೂಕಡಿಸುತ್ತಾರೆ. ಅವರನ್ನು ಬೈದು ಫಲವಿಲ್ಲ. ಊರಿನ ನೇಮದ ದಿನಾಂಕ ಗೊತ್ತಿದ್ದರೆ ಹಂಚಿಕೆಯ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಆ ದಿನ ಹೊಸ ಪಾಠ ತೆಗೆಯಬೇಡಿ. ನವೆಂಬರ್‌ನಿಂದ ಜನವರಿ ತನಕದ ಸಮಯ ಮಾತ್ರ ಚಿನ್ನ. ಹೊರಗೆ ಕರೆದುಕೊಂಡು ಹೋಗುವ ಎಲ್ಲ ಪಾಠ ಆಗ ಇಡಿ.

ಇನ್ನು ಒಂದು ಪಾಠದ ವಿಷಯ. ಭಿನ್ನರಾಶಿಯನ್ನೇ ತೆಗೆದುಕೊಳ್ಳೋಣ. ಎರಡೂ ತರಗತಿಗೆ ಬರುತ್ತದೆ, ಎಲ್ಲರೂ ತಪ್ಪುವುದೂ ಅಲ್ಲೇ.

ಪುಸ್ತಕ ಮುಚ್ಚಿಟ್ಟು ಒಂದು ಹಾಳೆಯಲ್ಲಿ ಬರೆಯಿರಿ: ಈ ಪಾಠ ಮುಗಿದಾಗ ಮಗು ಯಾವ ಪ್ರಶ್ನೆಗೆ ಉತ್ತರಿಸಬೇಕು? 4ನೇ ತರಗತಿಗೆ ನಾನು ಇಡುವ ಪ್ರಶ್ನೆ: 1/3 ದೊಡ್ಡದೋ 1/4 ದೊಡ್ಡದೋ, ಚಿತ್ರ ಬಿಡಿಸಿ ಹೇಳು. 5ಕ್ಕೆ: 1/2 ಮತ್ತು 2/4 ಒಂದೇ ಅಂತ ನಿನ್ನ ಗೆಳೆಯ ನಂಬುತ್ತಿಲ್ಲ, ಅವನಿಗೆ ತೋರಿಸು. ಇವೆರಡು ಸಿಕ್ಕಿದರೆ ಯೋಜನೆಯ ಬೆನ್ನೆಲುಬು ಸಿಕ್ಕಿತು.

ಆಮೇಲೆ, ಮಕ್ಕಳು ಎಲ್ಲಿ ತಪ್ಪುತ್ತಾರೆ ಅಂತ ಮೊದಲೇ ಬರೆದಿಡಿ. ನಮೂನೆಯಲ್ಲಿ ಇದಕ್ಕೆ ಜಾಗವೇ ಇಲ್ಲ. ನನ್ನನ್ನು ಕೇಳಿದರೆ ಅನುಭವದ ಶಿಕ್ಷಕರಿಗೂ ಹೊಸಬರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ, ಅವರಿಗೆ ಬರುವ ತಪ್ಪು ಮೊದಲೇ ಗೊತ್ತಿರುತ್ತದೆ. ಭಿನ್ನರಾಶಿಯಲ್ಲಿ ಮುಖ್ಯವಾಗಿ ಮೂರು. 4 ಅನ್ನುವುದು 3ಕ್ಕಿಂತ ದೊಡ್ಡದು, ಹಾಗಾಗಿ 1/4 ದೊಡ್ಡದು ಅನ್ನುವುದು ಒಂದು. ನಾಲ್ಕು ತುಂಡು ಇದ್ದರೆ ಸಾಕು, ಅವು ಸಮ ಇರಬೇಕು ಅನ್ನುವುದನ್ನು ಮರೆಯುವುದು ಇನ್ನೊಂದು. ಅರ್ಧ ಅಂದರೆ ಯಾವುದರ ಅರ್ಧ ಅಂತ ಕೇಳದೇ ಇರುವುದು ಮೂರನೆಯದು. ಈ ಮೂರನೆಯದನ್ನು ಪುಸ್ತಕದ ಚಿತ್ರಗಳು ಸರಿಯಾಗಿ ಮುಟ್ಟೋದಿಲ್ಲ. ಎಲ್ಲ ವೃತ್ತವೂ ಒಂದೇ ಗಾತ್ರ ಇರುತ್ತದೆ ನೋಡಿ.

ಅದಕ್ಕೆ ನಿಮ್ಮ ಊರಲ್ಲೇ ಸಾಮಗ್ರಿ ಇದೆ. ಶಂಕರಪುರ ಮಲ್ಲಿಗೆ. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಹೂ ಕಟ್ಟುವ ಮಕ್ಕಳು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತಾರೆ. ಒಂದು ಚೆಂಡು ಅಟ್ಟೆಯ ಎಷ್ಟನೇ ಭಾಗ? ಎರಡು ಚೆಂಡು? ಇಷ್ಟು ಅವರು ಬಾಯಲ್ಲೇ ಹೇಳುತ್ತಾರೆ. 2/4 ಮತ್ತು 1/2 ಒಂದೇ ಅನ್ನುವುದೂ ಇಲ್ಲೇ ಬಂತು, 5ನೆಯವರಿಗೆ ಬೇಕಾದದ್ದು. ಈಗ ಕೇಳಿ: ಅರ್ಧ ಅಟ್ಟೆ ಜಾಸ್ತಿಯೋ, ಅರ್ಧ ಚೆಂಡು ಜಾಸ್ತಿಯೋ? ಎರಡೂ ಅರ್ಧವೇ, ಆದರೂ ಒಂದಲ್ಲ. ಹೂ ತರಿಸಬೇಡಿ, ಮಳೆಗಾಲದಲ್ಲೂ ಹಬ್ಬದ ಹೊತ್ತಲ್ಲೂ ರೇಟು ಕೇಳಲಾಗದು. ಬಾಳೆನಾರು ಅಥವಾ ದಪ್ಪ ನೂಲು ಸಾಕು.

ಆದರೆ ಮಲ್ಲಿಗೆಯಿಂದ ಪಾಠ ಶುರು ಮಾಡಬೇಡಿ. ಚೆಂಡು ಎಣಿಸುವ ವಸ್ತು. ಮಕ್ಕಳು ನಾಲ್ಕರಲ್ಲಿ ಒಂದು ಅಂತ ಎಣಿಸಿಬಿಡುತ್ತಾರೆ, ಸಮಭಾಗ ಅನ್ನುವುದು ಕೈಗೆ ಸಿಗೋದಿಲ್ಲ. ಮೊದಲ ಎರಡು ಪಿರಿಯಡ್ ಕಾಗದದ ಪಟ್ಟಿ ಮಡಿಸುವುದೇ ಆಗಲಿ. ಎರಡಾಗಿ, ನಾಲ್ಕಾಗಿ, ಎಂಟಾಗಿ. ಮೂರಾಗಿ ಮಡಿಸಲು ಒದ್ದಾಡಲಿ, ಆ ಒದ್ದಾಟದಲ್ಲೇ 'ಸಮ' ಅನ್ನುವುದು ಗಟ್ಟಿಯಾಗುತ್ತದೆ. ಪಟ್ಟಿಗಳನ್ನು ಒಂದರ ಕೆಳಗೆ ಒಂದು ಅಂಟಿಸಿದರೆ 1/4 ತುಂಡು 1/3 ತುಂಡಿಗಿಂತ ಚಿಕ್ಕದು ಅಂತ ನೀವು ಹೇಳುವ ಮೊದಲೇ ಯಾರಾದರೂ ಕೂಗುತ್ತಾರೆ. ಮೂರನೇ ದಿನ ಮಲ್ಲಿಗೆಗೆ ಬನ್ನಿ.

40 ನಿಮಿಷದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಮಕ್ಕಳು ಕೂತು ಪುಸ್ತಕ ತೆಗೆಯುವುದರಲ್ಲೇ ಐದು ನಿಮಿಷ ಹೋಗುತ್ತದೆ, ಅದನ್ನು ಯೋಜನೆಯಲ್ಲೇ ಒಪ್ಪಿಕೊಳ್ಳಿ. ನಿಮ್ಮ ಮಾತಿಗೆ ಎಂಟು ನಿಮಿಷಕ್ಕಿಂತ ಜಾಸ್ತಿ ಬೇಡ. ಇಪ್ಪತ್ತು ನಿಮಿಷ ಮಕ್ಕಳ ಕೆಲಸ. ಕೊನೆಯ ಏಳು ನಿಮಿಷಕ್ಕೆ ಕೈ ಹಾಕಬೇಡಿ. ಬೋರ್ಡಿನಲ್ಲಿ ಒಂದೇ ಒಂದು ಪ್ರಶ್ನೆ, ಎಲ್ಲರೂ ತಾವೇ ಬರೆಯಬೇಕು, ನೀವು ಐದಾರು ನೋಟ್‌ಬುಕ್ ನೋಡಬೇಕು. ಯಾವಾಗಲೂ ಕೈ ಎತ್ತುವವರದ್ದು ನೋಡಬೇಡಿ. ಚೆನ್ನಾಗಿ ಬರುವ ಒಬ್ಬರು, ಮಧ್ಯದ ಇಬ್ಬರು, ಕಷ್ಟಪಡುವ ಇಬ್ಬರು ಅಂತ ಆರಿಸಿ. 'ಅರ್ಥ ಆಯ್ತಾ?' ಅಂತ ಕೇಳಿದರೆ ಇಡೀ ತರಗತಿ 'ಆಯ್ತು ಟೀಚರ್' ಅನ್ನುತ್ತದೆ. ಅದರಿಂದ ನಿಮಗೆ ಏನೂ ಗೊತ್ತಾಗೋದಿಲ್ಲ.

ಕೇಳುವ ಪ್ರಶ್ನೆಗಳನ್ನು ಪದಕ್ಕೆ ಪದ ಬರೆದಿಡಿ. ವಿವರಣೆಯನ್ನು ಬರೆಯಬೇಡಿ, ಅದು ಹೇಗೂ ಬಾಯಿಗೆ ಬರುತ್ತದೆ. ಒಳ್ಳೆಯ ಪ್ರಶ್ನೆ ತರಗತಿಯ ಗದ್ದಲದಲ್ಲಿ ಹೊಳೆಯೋದಿಲ್ಲ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವ ಮಕ್ಕಳು, ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರ ಮಕ್ಕಳು, ಎಲ್ಲರೂ ನಿಮ್ಮೆದುರು ಇರುತ್ತಾರೆ. ಪುಸ್ತಕದ ಕನ್ನಡ ಎಷ್ಟೋ ಜನಕ್ಕೆ ಎರಡನೇ ಭಾಷೆ. ಉತ್ತರ ಗೊತ್ತಿದ್ದೂ ಪ್ರಶ್ನೆ ಅರ್ಥವಾಗದೆ ಸುಮ್ನೆ ಕೂತವರು ಇರುತ್ತಾರೆ. ಬರೆದಿಟ್ಟ ಪ್ರಶ್ನೆಯ ಪಕ್ಕದಲ್ಲಿ ಅದನ್ನೇ ತುಳುವಿನಲ್ಲಿ ಹೇಗೆ ಕೇಳುವುದು ಅಂತ ಒಂದು ಸಾಲು ಇರಲಿ.

ಒಟ್ಟಿಗೆ ಕೂರುವ ತರಗತಿಗೆ ಎರಡು ಪೂರ್ತಿ ಯೋಜನೆ ಬರೆಯಲು ಹೋಗಬೇಡಿ, ಸಾಯುತ್ತೀರಿ. ವಿಷಯ ಒಂದೇ ಇರಲಿ, ಆಳ ಎರಡು ಇರಲಿ. ಭಿನ್ನರಾಶಿ ಎರಡೂ ತರಗತಿಗೆ ಒಂದೇ ವಾರ. ಆರಂಭ ಎಲ್ಲರಿಗೂ ಒಟ್ಟಿಗೆ, ಕೆಲಸ ಬೇರೆ, ಕೊನೆಯ ಪ್ರಶ್ನೆ ಬೇರೆ. ನೀವು 4ನೆಯವರ ಜೊತೆ ಇರುವಾಗ 5ನೆಯವರಿಗೆ ನಿಮ್ಮ ಸಹಾಯ ಬೇಕಿಲ್ಲದ ಕೆಲಸ ಇರಬೇಕು. ಯೋಜನೆಯಲ್ಲಿ ಹೆಚ್ಚು ಯೋಚಿಸಬೇಕಾದ ಜಾಗ ಇದೇ. ಹೊಸ ವಿಷಯವನ್ನು ಆ ಹೊತ್ತಿಗೆ ಕೊಟ್ಟರೆ ಎರಡು ನಿಮಿಷಕ್ಕೊಮ್ಮೆ 'ಟೀಚರ್, ಟೀಚರ್' ಅಂತ ಬರುತ್ತಾರೆ. ನಿನ್ನೆ ಅರ್ಥವಾದದ್ದರ ಅಭ್ಯಾಸ ಕೊಡಿ. ಬೇಗ ಮುಗಿಸಿದವರಿಗೆ ಇನ್ನೊಂದು ಕಾರ್ಡ್ ಗೋಡೆ ಬದಿಯ ಪೆಟ್ಟಿಗೆಯಲ್ಲಿ ಇರಲಿ. ಎರಡು ಪುಸ್ತಕಗಳ ಪಾಠ ಹೊಂದುವುದೇ ಇಲ್ಲ ಅನ್ನಿಸಿದರೆ ಬಲವಂತ ಮಾಡಬೇಡಿ, ಆ ಪಾಠಗಳನ್ನು ಬೇರೆ ಬೇರೆಯಾಗಿಯೇ ಮಾಡಿ.

ಮಳೆರಜೆ ಮುಗಿದು ಬಂದಾಗ ಬಿಟ್ಟ ಪುಟದಿಂದಲೇ ಓಡುವುದು ಬೇಡ. ನಾಲ್ಕು ದಿನದ ರಜೆ ಆದ ಮೇಲೆ ಮೊದಲ ಪಿರಿಯಡ್‌ನಲ್ಲಿ ಮೂರು ಪ್ರಶ್ನೆ ಬರೆಸಿ ನೋಡಿ. ಹೆಚ್ಚಿನವರಿಗೆ ಬಂದರೆ ಮುಂದಕ್ಕೆ. ಬಾರದಿದ್ದರೆ ಖಾಲಿ ಇಟ್ಟ 15ರಿಂದ ಒಂದನ್ನು ಖರ್ಚು ಮಾಡಿ. ಪಾಠ ಮುಗಿಸಬೇಕೋ, ಮಕ್ಕಳಿಗೆ ಬರುವ ತನಕ ನಿಲ್ಲಬೇಕೋ ಅನ್ನುವ ಜಗಳ ಎಲ್ಲ ಸ್ಟಾಫ್ ರೂಮಿನಲ್ಲೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಎರಡನ್ನೂ ಕೇಳುತ್ತದೆ. ಪಠ್ಯವನ್ನು ಸಮಯಕ್ಕೆ ಮುಗಿಸಬೇಕು. ಪ್ರತಿ ಮಗುವಿನ ಕಲಿಕೆ ನೋಡಿ ಬೇಕಾದವರಿಗೆ ಹೆಚ್ಚುವರಿ ಬೋಧನೆಯನ್ನೂ ಕೊಡಬೇಕು. ಇವೆರಡು ಒಟ್ಟಿಗೆ ಆಗಬೇಕಾದರೆ ಕಡಿಮೆ ತೂಕದ ಪಾಠಗಳನ್ನು ಚಿಕ್ಕದಾಗಿ ಮುಗಿಸುವ ಧೈರ್ಯ ಬೇಕು. ಮೇಲೆ ಹಂಚಿಕೆ ಅಸಮ ಇರಲಿ ಅಂದದ್ದು ಇದಕ್ಕೇ.

ಈಗ ಕಡತ. ತೋರಿಸಲು ಒಂದು, ಪಾಠಕ್ಕೆ ಒಂದು ಅಂತ ಎರಡು ಪುಸ್ತಕ ಇಡಬೇಡಿ. ಇಲಾಖೆಯ ನಮೂನೆಯಲ್ಲೇ ಘಟಕ ಯೋಜನೆ (ಒಂದು ಇಡೀ ಪಾಠದ ಯೋಜನೆ) ಬರೆಯಿರಿ, ಪ್ರತಿ ಪಿರಿಯಡ್‌ಗೆ ನಾಲ್ಕೈದು ಸಾಲು ಸಾಕು: ಕೊನೆಯ ಪ್ರಶ್ನೆ, ಮಕ್ಕಳ ಕೆಲಸ, ಬರಬಹುದಾದ ತಪ್ಪು, ಬೇಕಾದ ಸಾಮಗ್ರಿ. ಶಿಕ್ಷಕರ ಸ್ವಾವಲೋಕನ ಅಂತ ಒಂದು ಜಾಗ ಇರುತ್ತದೆ. ಅಲ್ಲಿ 'ಪಾಠ ಯಶಸ್ವಿಯಾಯಿತು' ಅಂತ ಬರೆಯುವುದು ಸಂಪ್ರದಾಯ. ಅದರ ಬದಲು 'ಆರು ಮಕ್ಕಳು 1/4 ದೊಡ್ಡದು ಅಂದರು, ನಾಳೆ ಪಟ್ಟಿ ಮತ್ತೆ' ಅಂತ ಬರೆಯಿರಿ. ಸಿಆರ್‌ಪಿ, ಅಂದರೆ ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ, ಬಂದಾಗ ಅದನ್ನೇ ತೋರಿಸಿ. ಅಕ್ಷರ ಅಂದವಾಗಿರುವ ಪುಸ್ತಕಕ್ಕಿಂತ ಇಂಥ ಸಾಲಿಗೆ ಬೆಲೆ ಕೊಡುವ ಅಧಿಕಾರಿಗಳನ್ನು ನಾನು ನೋಡಿದ್ದೇನೆ. ಕೊಡದವರನ್ನೂ ನೋಡಿದ್ದೇನೆ ಅನ್ನಿ. ರಾತ್ರಿ ಹನ್ನೊಂದರ ತನಕ ಬರೆಯುವ ಅಗತ್ಯವೂ ಇಲ್ಲ. ಶಿಕ್ಷಕರ ವಾರದ 45 ಗಂಟೆ ಕೆಲಸದಲ್ಲಿ ತಯಾರಿಯ ಸಮಯವೂ ಸೇರಿದೆ ಅಂತ ಕಾಯ್ದೆಯೇ ಹೇಳುತ್ತದೆ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅಲ್ಲೇ ಕೂತು ಮುಗಿಸಿ. ಆ ದಿನದ ನೋಟ್‌ಬುಕ್‌ಗಳೂ ಎದುರಲ್ಲೇ ಇರುತ್ತವೆ.

ಪಿಡಿಎಫ್ ಬಳಸುವುದು ತಪ್ಪಲ್ಲ. ಯಾರೋ ಕಷ್ಟಪಟ್ಟು ಮಾಡಿ ಹಂಚಿದ್ದಾರೆ. ಚಟುವಟಿಕೆಗಳಿಗೆ ಅದು ಒಳ್ಳೆಯ ಗಣಿ. ಆದರೆ ಅದನ್ನು ಬರೆದವರ ತರಗತಿ ಬೇರೆ. ಅವರಿಗೆ ನಿಮ್ಮ ಜುಲೈ ಗೊತ್ತಿಲ್ಲ, ಒಂದೇ ಕೋಣೆಯ ಎರಡು ತರಗತಿಯೂ ಗೊತ್ತಿಲ್ಲ. ಡೌನ್‌ಲೋಡ್ ಮಾಡಿದ ಮೇಲೆ ಮೂರನ್ನು ಮಾತ್ರ ನೀವೇ ಬದಲಿಸಿ: ಪಿರಿಯಡ್ ಸಂಖ್ಯೆ, ಉದಾಹರಣೆಗಳು, ಕೊನೆಯ ಪ್ರಶ್ನೆ. ಉಳಿದದ್ದು ಹಾಗೇ ಇರಲಿ. ಸಮಾಲೋಚನಾ ಸಭೆಯಲ್ಲಿ ನಿಮ್ಮ ಹಾಗೆ 4 ಮತ್ತು 5 ಒಟ್ಟಿಗೆ ನೋಡುವ ಇನ್ನೊಬ್ಬ ಶಿಕ್ಷಕರು ಸಿಕ್ಕಿದರೆ ಇನ್ನೂ ಸುಲಭ. ಗಣಿತದ ಘಟಕ ಯೋಜನೆ ನೀವು ಮಾಡಿ, ಪರಿಸರ ಅಧ್ಯಯನದ್ದು ಅವರು ಮಾಡಲಿ, ತಿಂಗಳಿಗೊಮ್ಮೆ ಬದಲಾಯಿಸಿಕೊಳ್ಳಿ.